ಹಾಸನದ ಕೆರೆಯಲ್ಲಿ ಬ್ಯಾಕ್ಟೀರಿಯಾಗೆ ಭೂಮಿಯ ಕಾಂತ ದಾರಿ ತೋರಿಸುತ್ತದೆಯೇ?

ಪರ

ಕೆರೆ ತಳದ ಕೆಸರು ನೀರನ್ನು ಒಂದು ಹನಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಪಕ್ಕದಲ್ಲಿ ಅಯಸ್ಕಾಂತ ಹಿಡಿಯಿರಿ. ಕಾಂತಕ್ಕೆ ಓಗೊಡುವ ಬ್ಯಾಕ್ಟೀರಿಯಾ ಅದರಲ್ಲಿದ್ದರೆ ಹನಿಯ ಒಂದು ಅಂಚಿಗೆ ಬಂದು ಗುಂಪು ಕಟ್ಟುತ್ತವೆ. ಅಯಸ್ಕಾಂತ ತಿರುಗಿಸಿದರೆ ಅಷ್ಟೂ ತಿರುಗಿ ಎದುರಿನ ಅಂಚಿಗೆ ಹೊರಡುತ್ತವೆ. ಅಮೆರಿಕದ ವುಡ್ಸ್ ಹೋಲ್ ಬಳಿಯ ಜೌಗು ಕೆಸರಿನಲ್ಲಿ ಇವನ್ನು ಕಂಡ ರಿಚರ್ಡ್ ಬ್ಲೇಕ್‌ಮೋರ್ 1975ರಲ್ಲಿ ಅದನ್ನು ಪ್ರಕಟಿಸಿದರು. ಇಟಲಿಯ ಪಾವಿಯಾದಲ್ಲಿ ಸಾಲ್ವತೋರೆ ಬೆಲ್ಲಿನಿ 1963ರಲ್ಲೇ ಇಂಥವನ್ನು ಗಮನಿಸಿದ್ದರು.

ಇವುಗಳ ಒಳಗೆ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣ ಖನಿಜದ ಹರಳುಗಳು ಪೋಣಿಸಿದ ಮಣಿಗಳಂತೆ ಸಾಲಾಗಿರುತ್ತವೆ. ಒಂದೊಂದೂ ಸುಮಾರು 35ರಿಂದ 120 ನ್ಯಾನೋಮೀಟರ್. ಇವಕ್ಕೆ ಆಮ್ಲಜನಕ ಜಾಸ್ತಿಯಾದರೆ ಆಗದು, ಅದು ಕಡಿಮೆಯಿರುವ ಪದರವೇ ಬೇಕು. ಇಷ್ಟು ಸಣ್ಣ ಜೀವಿಯನ್ನು ನೀರಿನ ಕಣಗಳೇ ಗುದ್ದಿ ದಿಕ್ಕು ತಪ್ಪಿಸುತ್ತವೆ. ಹರಳಿನ ಸಾಲು ಅದನ್ನು ಒಂದೇ ಗೆರೆಯಲ್ಲಿ ಹಿಡಿದಿಡುತ್ತದೆ. ಸುತ್ತೆಲ್ಲ ಹುಡುಕುವ ಕೆಲಸ ತಪ್ಪಿ, ಮುಂದೆ ಹೋಗಲೋ ಹಿಂದೆ ಬರಲೋ ಎಂಬುದಷ್ಟೇ ಉಳಿಯುತ್ತದೆ.

ಉತ್ತರಾರ್ಧಗೋಳದಲ್ಲಿ ಕಾಂತರೇಖೆ, ಅಂದರೆ ಭೂಮಿಯ ಕಾಂತದ ದಿಕ್ಕು, ಉತ್ತರದತ್ತ ಹೋಗುತ್ತಾ ನೆಲದೊಳಕ್ಕೆ ಬಾಗುತ್ತದೆ; ಅದನ್ನು ಹಿಡಿದು ಉತ್ತರಕ್ಕೆ ಈಜಿದರೆ ಆಮ್ಲಜನಕ ಕಡಿಮೆಯಿರುವ ಕೆಳಗಿನ ಪದರ ಸಿಗುತ್ತದೆ. ಹಾಸನದಲ್ಲಿ ಈ ಬಾಗು ಹತ್ತು-ಹದಿನೈದು ಡಿಗ್ರಿಯಷ್ಟೇ, ನಿಜ. ಆದರೂ ಇಳಿಜಾರು ಇಳಿಜಾರೇ ಅಲ್ವಾ? ಹದಿನೈದು ಡಿಗ್ರಿಯಲ್ಲಿ ನಾಲ್ಕು ಮಿಲಿಮೀಟರ್ ಈಜಿದರೆ ಒಂದು ಮಿಲಿಮೀಟರ್ ಕೆಳಗಿಳಿಯಬಹುದು. ಸೆಕೆಂಡಿಗೆ 100 ಮೈಕ್ರೋಮೀಟರ್ ಈಜುವ ಜಾತಿಗೆ ಅದು ನಲವತ್ತು ಸೆಕೆಂಡಿನ ಕೆಲಸ.

ವಿರೋಧ

'ಕಾಂತ ಕೆಳಗೆ ಕರೆದೊಯ್ಯುತ್ತದೆ' ಎಂಬ ವಿವರಣೆ ಹುಟ್ಟಿದ್ದು ವುಡ್ಸ್ ಹೋಲ್‌ನಲ್ಲಿ. ಅಲ್ಲಿ ಕಾಂತರೇಖೆ ಸುಮಾರು 70 ಡಿಗ್ರಿ ಬಾಗಿ ಹೆಚ್ಚುಕಮ್ಮಿ ನೇರವಾಗಿ ನೆಲಕ್ಕಿಳಿಯುತ್ತದೆ. ಅದನ್ನು ಹಾಗೇ ತಂದು ನಮ್ಮೂರಿಗೆ ಅಂಟಿಸುವುದು ಸರಿಯಲ್ಲ.

ಬ್ರೆಜಿಲ್‌ನ ಫೋರ್ಟಲೇಜಾ 1980ರ ಸುಮಾರಿಗೆ ಕಾಂತೀಯ ಸಮಭಾಜಕದ ಹತ್ತಿರದ ಊರಾಗಿತ್ತು. ರೇಖೆ ಆಗ ಅಲ್ಲಿ ಮಟ್ಟಸವಾಗಿತ್ತು. ಅಂಥ ರೇಖೆ ಹಿಡಿದು ಹೋದರೆ ಯಾರೂ ಕೆಳಗಿಳಿಯರು. ಆದರೂ ಅಲ್ಲಿನ ಕೆಸರಿನಲ್ಲಿ ಈ ಬ್ಯಾಕ್ಟೀರಿಯಾ ಬದುಕಿದ್ದವು, ಉತ್ತರಕ್ಕೆ ಈಜುವವೂ ದಕ್ಷಿಣಕ್ಕೆ ಈಜುವವೂ ಹೆಚ್ಚುಕಮ್ಮಿ ಸಮವಾಗಿ. ಇನ್ನೂ ತೊಡಕಿನ ಸಂಗತಿಯೆಂದರೆ, ಉತ್ತರಾರ್ಧಗೋಳದ ಕೊಳದಲ್ಲೇ ದಕ್ಷಿಣಕ್ಕೆ ಈಜುವವೂ ಇವೆ ಎಂದು 2006ರಲ್ಲಿ ವರದಿಯಾಯಿತು. ಲೆಕ್ಕದ ಪ್ರಕಾರ ಅವು ಮೇಲಕ್ಕೆ ಹೋಗಿ ಸಾಯಬೇಕಿತ್ತು.

ಕಾಂತ ಇವನ್ನು ಎಳೆಯುವುದೂ ಇಲ್ಲ, ಸುಮ್ನೆ ತಿರುಗಿಸುತ್ತದೆ. ಸತ್ತ ಬ್ಯಾಕ್ಟೀರಿಯಾ ಕೂಡ ಅಯಸ್ಕಾಂತದ ಜೊತೆ ತಿರುಗುತ್ತದೆ, ಆದರೆ ಇದ್ದಲ್ಲೇ ಇರುತ್ತದೆ. ಮುಂದೆ ಸಾಗಿಸುವುದು ಬಾಲ. ಮುಂದೋ ಹಿಂದೋ ಎಂದು ತೀರ್ಮಾನಿಸುವುದು ಆಮ್ಲಜನಕದ ಅರಿವು. ಅದೇ ಕೆಸರಿನಲ್ಲಿ ಹರಳಿಲ್ಲದ ಎಷ್ಟೋ ಬ್ಯಾಕ್ಟೀರಿಯಾ ತಮಗೆ ಬೇಕಾದ ಪದರ ಹುಡುಕಿಕೊಂಡಿವೆ.

ನನ್ನ ಒಲವು ಈ ಕಡೆಗೇ. ಪರೀಕ್ಷೆ ಕಷ್ಟವೇನಲ್ಲ. ಹಳೇಬೀಡಿನ ದ್ವಾರಸಮುದ್ರ ಕೆರೆಯ ಕೆಸರು ತಂದು, ಉತ್ತರಕ್ಕೆ ಎಷ್ಟು ಹೋಗುತ್ತವೆ, ದಕ್ಷಿಣಕ್ಕೆ ಎಷ್ಟು ಎಂದು ಎಣಿಸಬೇಕು. ಎರಡೂ ಸಮವಿದ್ದರೆ ಇಳಿಜಾರಿನ ವಾದಕ್ಕೆ ಬಲವಿಲ್ಲ. ಉತ್ತರದವೇ ತುಂಬಿದ್ದರೆ ನಾನು 'ಪರ'ದ ಕಡೆ ಬರುತ್ತೇನೆ.