ಕುಡಿತ ಬಿಡುವವರ ಕೈಲಿ ಆಣೆ ಮಾಡಿಸಬೇಡಿ

ನಾನು ಕುಡಿತ ಬಿಟ್ಟು ಇವತ್ತಿಗೆ 97 ದಿನ. ಇದಕ್ಕೂ ಮುಂಚೆ ಮೂರು ಸಲ ಆಣೆ ಮಾಡಿದ್ದೆ. ಒಮ್ಮೆ ಮನೆದೇವರ ಮುಂದೆ ಕರ್ಪೂರ ಹಚ್ಚಿ, ಒಮ್ಮೆ ಅವ್ವನ ಕಾಲು ಮುಟ್ಟಿ, ಒಮ್ಮೆ ಮಗಳ ತಲೆ ಮೇಲೆ ಕೈಯಿಟ್ಟು. ಜೀವಮಾನದಲ್ಲಿ ಇನ್ನು ಮುಟ್ಟಲ್ಲ ಅಂತ. ಹನ್ನೊಂದು ದಿನ ತಡೆದದ್ದೇ ಜಾಸ್ತಿ. ಆಣೆ ಮುರಿದ ದಿನ ಒಂದು ಕ್ವಾರ್ಟರ್‌ಗೆ ನಿಲ್ಲುವುದಿಲ್ಲ. ಮಗಳ ಮೇಲಿನ ಮಾತೇ ಹೋಯ್ತು, ಇನ್ನೇನು ಉಳೀತು ಅನ್ನೋ ನಾಚಿಕೆಗೇ ಮತ್ತಷ್ಟು ಕುಡಿಯುತ್ತೇವೆ. ಅದಕ್ಕೇ ಮನೆಯವರಲ್ಲಿ ಕೇಳಿಕೊಳ್ಳುತ್ತೇನೆ, ದಯವಿಟ್ಟು ಆಣೆ ಮಾಡಿಸಬೇಡಿ.

ಈ ಸಲ ಆಸ್ಪತ್ರೆಯಿಂದ ಶುರು ಮಾಡಿದೆ. ಇದು ತುಂಬಾ ಮುಖ್ಯ. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸಿ, ಇರುವ ಜಾಗವೇ ಗೊತ್ತಾಗದೆ ಜೀವಕ್ಕೇ ಅಪಾಯವಾಗುತ್ತದೆ. ನನಗೆ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು, ನಡುಕದ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಬಂದರು. ಎಲ್ಲಿಗೆ ಹೋಗೋದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ, 14416. ದುಡ್ಡು ಕೊಡಬೇಕಿಲ್ಲ.

ಮನೆಗೆ ಬಂದ ಮೇಲೆ ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಮೀಟಿಂಗ್‌ಗೆ ಹೋದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ ಇಬ್ಬರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ ಕೂಟ ಅದು. ಅಲ್ಲಿ ಹಿರಿಯರೊಬ್ಬರು ಕೇಳಿದ್ದು ಒಂದೇ.

"ಇವತ್ತು ರಾತ್ರಿ ಮಲಗೋ ತನಕ ಆಗುತ್ತೇನಪ್ಪಾ?"

"ಆಗಬಹುದು ಸಾರ್."

"ಅಷ್ಟು ಸಾಕು. ನಾಳೇದು ನಾಳೆ ನೋಡೋಣ."

ನನಗೆ ಕಷ್ಟದ ಹೊತ್ತು ಸಂಜೆ ಆರೂವರೆ. ಬಸ್ ಇಳಿದರೆ ಎದುರಿಗೇ ವೈನ್ ಶಾಪ್. ಈಗ ಒಂದು ಸ್ಟಾಪ್ ಮುಂಚೆ ಇಳಿದು ಶಾಲೆ ಹಿಂದಿನ ರಸ್ತೆಯಲ್ಲಿ ನಡೆದು ಬರುತ್ತೇನೆ. ಜೇಬಲ್ಲಿ ಬಸ್ ಚಾರ್ಜು, ಟೀ ದುಡ್ಡು ಬಿಟ್ಟರೆ ಏನೂ ಇರುವುದಿಲ್ಲ. ಫೋನ್‌ಪೇ ಹೆಂಡತಿ ಮೊಬೈಲ್‌ನಲ್ಲಿದೆ. ಹೊಟ್ಟೆ ಹಸಿದರೆ ಚಟ ಜೋರಾಗಿ ಎಳೆಯುತ್ತದೆ, ಅದಕ್ಕೆ ಕೆಲಸದಿಂದ ಹೊರಡುವಾಗಲೇ ಎರಡು ಬಾಳೆಹಣ್ಣು ತಿನ್ನುತ್ತೇನೆ.

ಹತ್ತೊಂಬತ್ತನೇ ದಿನ ಜೋರು ಮಳೆ. ಅಂಗೈ ಬೆವರುತ್ತಿತ್ತು, ಕಾಲು ಆ ಕಡೆಗೇ ತಿರುಗಿತ್ತು. ಬೇಕರಿ ತಗಡಿನ ಕೆಳಗೆ ನಿಂತು ಆ ಹಿರಿಯರಿಗೆ ಫೋನ್ ಮಾಡಿದೆ. "ಕುಡೀಬೇಡ ಅಂತ ಹೇಳಲ್ಲ, ಇಪ್ಪತ್ತು ನಿಮಿಷ ತಡಿ. ಒಂದು ಟೀ ತಗೋ" ಅಂದರು. ಗ್ಲಾಸನ್ನು ಎರಡೂ ಕೈಲಿ ಹಿಡಿದುಕೊಂಡೆ. ಬೆರಳು ಚುರುಗುಟ್ಟಿದರೂ ಬಿಡಲಿಲ್ಲ. ಇನ್ನೊಂದು ಟೀ ಹೇಳಿದೆ. ಅದು ಮುಗಿಯೋ ಹೊತ್ತಿಗೆ ಎಳೆತ ಇಳಿದಿತ್ತು. ಮಳೆ ಇನ್ನೂ ಸುರಿಯುತ್ತಲೇ ಇತ್ತು.

ಅವ್ವ ಈಗಲೂ ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡು ಅನ್ನುತ್ತಾಳೆ. ಅವಳ ಸಂಕಟ ನನಗೆ ಅರ್ಥವಾಗುತ್ತದೆ, ಎಷ್ಟು ರಾತ್ರಿ ಬಾಗಿಲಲ್ಲಿ ಕಾದಿದ್ದಾಳೋ. ಹೋಗೋಣ ಅವ್ವಾ, ಕೈ ಮುಗಿಯೋಣ, ಆಣೆ ಮಾತ್ರ ಬೇಡ ಅಂದೆ. ದಿನಾ ಬೆಳಿಗ್ಗೆ ಎಷ್ಟೊತ್ತಿಗೆ ಬರ್ತೀಯ ಅಂತ ಕೇಳು, ಅದಕ್ಕೆ ಉತ್ತರ ಕೊಡ್ತೀನಿ ಅಂತಲೂ ಹೇಳಿದೆ.

ನಿನ್ನೆ ಕೇಳಿದಳು. ಏಳೂಕಾಲು ಅಂದೆ. ಏಳೂ ಹತ್ತಕ್ಕೆ ಮನೆಯಲ್ಲಿದ್ದೆ.