ಮೂರು ನಿಮಿಷ ಮುಂಚಿನ ಸೂರ್ಯ

ಬೆಂಗಳೂರಿನಲ್ಲಿ ಮನೆ ಮಾಡಿದವನಿಗೆ ಕೆಲವು ಋಣಗಳಿರುತ್ತವೆ. ಊರಿನಿಂದ ಬಂದ ನೆಂಟರಿಗೆ ವಿಧಾನಸೌಧವನ್ನು ರಸ್ತೆಯಲ್ಲಿ ನಿಂತು ತೋರಿಸಬೇಕು, ಲಾಲ್‌ಬಾಗಿನ ಬಂಡೆ ಹತ್ತಿಸಬೇಕು. ಅಷ್ಟಕ್ಕೂ ಅವರು ಹೊರಡದಿದ್ದರೆ ನಂದಿಬೆಟ್ಟಕ್ಕೆ ಕರೆದೊಯ್ಯಬೇಕು. ಹೋದ ಡಿಸೆಂಬರಿನಲ್ಲಿ ಅರಸೀಕೆರೆ ಕಡೆಯ ಹಳ್ಳಿಯಿಂದ ನಮ್ಮ ಸೋದರತ್ತೆ ಬಂದರು. ಮೊದಲ ಎರಡು ಋಣಗಳು ಎರಡೇ ದಿನಕ್ಕೆ ತೀರಿದವು.

"ನಾಳೆ ಬೆಳಗಿನ ಜಾವ ಮೂರೂವರೆಗೆ ಹೊರಡೋಣ ಅತ್ತೆ, ಸೂರ್ಯೋದಯ ನೋಡಬಹುದು" ಎಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಯಾಕೋ, ಇಲ್ಲಿ ಹುಟ್ಟುವುದಿಲ್ಲವೇನೋ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಟ್ಟುತ್ತಾನೆ, ಆದರೆ ನಮ್ಮ ಎದುರಿನ ಅಪಾರ್ಟ್‌ಮೆಂಟಿನ ಆರನೆಯ ಮಹಡಿ ದಾಟಿ ನಮ್ಮ ಬಾಲ್ಕನಿಗೆ ಬರುವ ಹೊತ್ತಿಗೆ ಹತ್ತು ಗಂಟೆಯಾಗಿರುತ್ತದೆ. ಅತ್ತೆಯ ಊರಿನಲ್ಲಾದರೆ ಹಿತ್ತಲ ಬಾಗಿಲು ತೆಗೆದರೆ ಸಾಕು, ಹುಣಸೆಮರದ ಹಿಂದಿನಿಂದ ದಿನವೂ ತಾನೇ ಎದ್ದು ಬರುತ್ತಾನೆ. ಅವರು ಒಲೆಗೆ ಬೆಂಕಿ ಹಾಕುತ್ತಾ ಅವನ ಕಡೆ ಒಮ್ಮೆ ನೋಡುತ್ತಾರೋ ಇಲ್ಲವೋ.

ಹತ್ತನೆಯ ತರಗತಿಯಲ್ಲಿರುವ ಮಗಳು ನನ್ನ ನೆರವಿಗೆ ಬಂದಳು. ನಂದಿಬೆಟ್ಟದ ಎತ್ತರ 1478 ಮೀಟರ್, ಬೆಂಗಳೂರಿನದು ಸುಮಾರು 920. ಎತ್ತರದಲ್ಲಿ ನಿಂತವರಿಗೆ ದಿಗಂತ ಕೆಳಗಿಳಿಯುತ್ತದೆ, ಹಾಗಾಗಿ ಸೂರ್ಯ ಬೇಗ ಕಾಣುತ್ತಾನೆ ಎಂದು ಕಾಗದದ ಮೇಲೆ ವೃತ್ತ ಬರೆದು ಗೆರೆ ಎಳೆದು ಲೆಕ್ಕ ಹಾಕಿದಳು. ಬಯಲಿನಲ್ಲಿ ನಿಂತವರಿಗಿಂತ ಹೆಚ್ಚುಕಡಿಮೆ ಮೂರು ನಿಮಿಷ ಮುಂಚೆ. ಮೂರು ನಿಮಿಷ ಮುಂಚೆ ನೋಡಲು ಮೂರು ಗಂಟೆಯ ನಿದ್ದೆ ಬಿಡಬೇಕು. ಅದೇ ಕಾಗದದ ಹಿಂಬದಿಯಲ್ಲಿ ಚಳಿಯ ಲೆಕ್ಕವೂ ಆಯಿತು: ಅಷ್ಟು ಎತ್ತರಕ್ಕೆ ಮೂರೂವರೆ ಡಿಗ್ರಿ ಕಡಿಮೆ. ಆ ಮೂರೂವರೆ ಡಿಗ್ರಿಗಾಗಿ ನನ್ನ ಹೆಂಡತಿ ಅಟ್ಟದಿಂದ ಇಳಿಸಿದ ಸ್ವೆಟರು, ಶಾಲು, ಮಫ್ಲರು, ಮಂಕಿ ಕ್ಯಾಪುಗಳ ರಾಶಿ ನೋಡಿದರೆ ನಾವು ಕೇದಾರಕ್ಕೆ ಹೊರಟಂತಿತ್ತು.

ಬಳ್ಳಾರಿ ರಸ್ತೆಯಲ್ಲಿ ಆ ಹೊತ್ತಿಗೆ ಇಷ್ಟು ಜನ ಏನು ಮಾಡುತ್ತಾರೆ ಎಂದು ನನಗೆ ಮೊದಲು ಆಶ್ಚರ್ಯವಾಗುತ್ತಿತ್ತು. ಅರ್ಧ ಜನ ವಿಮಾನ ಹಿಡಿಯಲು ಹೋಗುವವರು, ಉಳಿದರ್ಧ ಸೂರ್ಯನನ್ನು ಹಿಡಿಯಲು. ದೇವನಹಳ್ಳಿಯ ಹತ್ತಿರ ಮೊದಲಿನವರು ಕವಲೊಡೆದರೂ ರಸ್ತೆ ಖಾಲಿಯಾಗುವುದಿಲ್ಲ. ಬೆಟ್ಟದ ಬುಡಕ್ಕೆ ಬಂದಾಗ ಐದಾಗಿರಲಿಲ್ಲ. ಅಷ್ಟರಲ್ಲೇ ತಿರುವುಗಳ ಉದ್ದಕ್ಕೂ ಕಾರುಗಳ ಹಿಂದಿನ ಕೆಂಪು ದೀಪಗಳು ಹತ್ತಿಕೊಂಡಿದ್ದವು. ಯಾವ ತೇರಿಗೂ ಇಷ್ಟು ದೀಪ ಕಟ್ಟಿದ್ದನ್ನು ನೋಡಿಲ್ಲ ಎಂದರು ಅತ್ತೆ.

ಈ ಬೆಟ್ಟದಲ್ಲಿ ಹೀಗೆ ಕತ್ತಲಲ್ಲಿ ಕಾಯುವುದು ಹೊಸದೇನಲ್ಲ. 1791ರ ಅಕ್ಟೋಬರಿನಲ್ಲಿ ಟಿಪ್ಪುವಿನ ಸೈನಿಕರು ಮೇಲಿನ ಕೋಟೆಯನ್ನು ಹಿಡಿದುಕೊಂಡಿದ್ದಾಗ, ಕಾರ್ನ್‌ವಾಲಿಸನ ಪಡೆ ಮೂರು ವಾರ ಮುತ್ತಿಗೆ ಹಾಕಿ, ಕಡೆಗೆ ನಡುರಾತ್ರಿ ಕಳೆದು ಚಂದ್ರ ಮೂಡುವುದನ್ನೇ ಕಾದು ಲಗ್ಗೆ ಹತ್ತಿತಂತೆ. ಅವರು ಕಾದದ್ದು ಚಂದ್ರನಿಗೆ, ನಾವು ಸೂರ್ಯನಿಗೆ. ಅವರಿಗೆ ಚಂದ್ರ ಸಿಕ್ಕಿದ.

ನಮಗೆ ಸಿಕ್ಕಿದ್ದು ಮಂಜು. ರಾತ್ರಿಯ ತಂಪಿಗೆ ಬಯಲಿನ ತೇವವೆಲ್ಲ ಹನಿಗಟ್ಟಿ ಕೆಳಗೇ ನಿಂತರೆ ನಂದಿಬೆಟ್ಟ ಅದರ ಮೇಲೆ ತಲೆ ಎತ್ತಿಕೊಂಡಿರುತ್ತದೆ. ಆಗ ಹಾಲು ಚೆಲ್ಲಿದಂತಹ ಮೋಡದ ಹರವು, ಅದರಾಚೆ ಕಿತ್ತಳೆ ಬಣ್ಣದ ಸೂರ್ಯ. ಎಲ್ಲರ ಮೊಬೈಲಿನಲ್ಲೂ ಇರುವ ಚಿತ್ರ ಅದೇ. ಆದರೆ ಮೋಡ ಇನ್ನೊಂದಿಷ್ಟು ಮೇಲೆ ಬಂದರೆ ಬೆಟ್ಟವೇ ಅದರೊಳಗೆ ಮುಳುಗುತ್ತದೆ. ನನ್ನ ಯೋಗಕ್ಕೆ ಯಾವಾಗಲೂ ಎರಡನೆಯದೇ. ಇದು ನನ್ನ ಐದನೆಯ ಸಲ. ಹಿಂದಿನ ನಾಲ್ಕು ಸಲವೂ ನಾನು ಇದೇ ಬಿಳಿ ಗೋಡೆಯನ್ನು ನೋಡಿಕೊಂಡು ಬಂದಿದ್ದೇನೆ. ಈ ಗುಟ್ಟನ್ನು ಅತ್ತೆಗೆ ಹೇಳಿರಲಿಲ್ಲ.

ಕಬ್ಬಿಣದ ಕಂಬಿಗೆ ಎದೆಯಾನಿಸಿ ನೂರಾರು ಜನ ಆ ಬಿಳುಪಿನೊಳಗೆ ಇಣುಕುತ್ತಿದ್ದರು. ಒಬ್ಬ ಹುಡುಗ ಬಿಳಿ ಗೋಡೆಯ ಚಿತ್ರ ತೆಗೆದು, ಸರಿ ಬರಲಿಲ್ಲವೆಂದು ಅಳಿಸಿ, ಮತ್ತೊಮ್ಮೆ ತೆಗೆದ. ನಮ್ಮ ಪಕ್ಕದ ಯಜಮಾನರೊಬ್ಬರು ಮಂಜಿನ ಕಡೆ ಬೆರಳು ತೋರಿಸಿ, "ಅದೇ ನೋಡು ಯಲಹಂಕ, ಅದರ ಬಲಕ್ಕೆ ನಮ್ಮ ಮನೆ" ಎಂದು ಮಕ್ಕಳಿಗೆ ವಿವರಿಸುತ್ತಿದ್ದರು. ಮಕ್ಕಳು ತಲೆಯಾಡಿಸುತ್ತಿದ್ದರು. ಊರಿನ ಗಲಾಟೆ ಬೇಡವೆಂದು ಅರವತ್ತು ಕಿಲೋಮೀಟರ್ ಬಂದು, ಮೇಲೆ ನಿಂತು ಎಲ್ಲರೂ ಮೊದಲು ಹುಡುಕುವುದು ತಮ್ಮ ಊರನ್ನೇ. ಹಾಗೆ ನೋಡಿದರೆ ನಾನೂ ಹೆಬ್ಬಾಳ ಯಾವ ದಿಕ್ಕಿಗೆ ಎಂದು ಯೋಚಿಸುತ್ತಿದ್ದೆ.

ಅತ್ತೆ ಇದ್ಯಾವುದರ ಗೊಡವೆಗೂ ಹೋಗದೆ ಕಲ್ಲುಕಟ್ಟೆಯ ಮೇಲೆ ಕುಳಿತು ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ಅದನ್ನೇ ಕಾಯುತ್ತಿದ್ದಂತೆ ನೀಲಗಿರಿ ಮರದಿಂದ ಒಂದು ಗಡವ ಇಳಿಯಿತು. ಅವಸರವಿಲ್ಲ, ಗುರುಗುಟ್ಟುವಿಕೆಯಿಲ್ಲ. ಟಿಕೆಟ್ ಕೇಳಲು ಬಂದ ಕಂಡಕ್ಟರಂತೆ ಎದುರಿಗೆ ಬಂದು ನಿಂತಿತು. ಮಂಕಿ ಕ್ಯಾಪ್ ತೊಟ್ಟ ಅತ್ತೆಯನ್ನು ಬರಿದಲೆಯ ಮಂಗ ಅಡಿಯಿಂದ ಮುಡಿಯವರೆಗೆ ನೋಡಿ, ಎರಡೂ ಕೈಯಿಂದ ಡಬ್ಬಿಯ ಅಂಚು ಹಿಡಿಯಿತು. ಅತ್ತೆ ಬಿಡಲಿಲ್ಲ. ಒಂದು ಕ್ಷಣ ಇಬ್ಬರೂ ಸ್ಟೀಲು ಡಬ್ಬಿಯನ್ನು ಆಚೀಚೆ ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಆಮೇಲೆ ಅತ್ತೆ, "ಡಬ್ಬಿ ನಮ್ಮದು, ಅನ್ನ ಬೇಕಾದರೆ ತಗೋ" ಎಂದು ಡಬ್ಬಿಯನ್ನು ಓರೆ ಮಾಡಿ ಅರ್ಧವನ್ನು ಕಲ್ಲಿನ ಮೇಲೆ ಸುರಿದರು. ಮಂಗಗಳಿಗೆ ತಿಂಡಿ ಕೊಡಬಾರದೆಂಬ ಫಲಕ ಅವರ ಬೆನ್ನ ಹಿಂದೆಯೇ ಇತ್ತು. ಮಂಗ ಕಡಲೆಬೀಜವನ್ನಷ್ಟೇ ಆರಿಸಿ ತಿಂದು, ಬಾಡಿದ ಕರಿಬೇವನ್ನು ಪಕ್ಕಕ್ಕೆ ಎತ್ತಿಟ್ಟಿತು. "ನಮ್ಮ ಮನೆಯವರ ಹಾಗೆಯೇ" ಎಂದರು ಅತ್ತೆ, ಸಂತೋಷದಿಂದ. ಮಾವ ತೀರಿಕೊಂಡು ಆರು ವರ್ಷವಾಗಿದೆ.

ಏಳೂವರೆಯಾದರೂ ಬಿಳುಪು ಕದಲಲಿಲ್ಲ. ಆಗ ಯೋಗನಂದೀಶ್ವರನ ಗುಡಿಗೆ ಹೋದೆವು. ಬೆಟ್ಟದ ಬುಡದಲ್ಲಿರುವವನು ಭೋಗನಂದೀಶ್ವರ, ನೆತ್ತಿಯ ಮೇಲಿರುವವನು ಯೋಗನಂದೀಶ್ವರ. ಹಳಬರು ಆಲೋಚಿಸಿಯೇ ಹಾಗೆ ಇಟ್ಟಿರಬೇಕು. ಈಗ ಕೆಳಗಿನ ದೊಡ್ಡ ದೇವಾಲಯದ ಕಲ್ಯಾಣಿಯ ಮೆಟ್ಟಿಲ ಮೇಲೆ ಮೌನವಾಗಿ ಕೂರಬಹುದು. ಬಜ್ಜಿ, ಆಮ್ಲೆಟ್ಟು, ಜೋಳದ ತೆನೆಯ ಭೋಗವೆಲ್ಲ ಮೇಲಕ್ಕೆ ಹತ್ತಿದೆ. ಟಿಪ್ಪು ಡ್ರಾಪಿಗೂ ಹೋಗಿ ಬಂದೆವು. ಕೈದಿಗಳನ್ನು ಇಲ್ಲಿಂದ ತಳ್ಳುತ್ತಿದ್ದರಂತೆ ಎಂದು ನಾನು ದನಿ ತಗ್ಗಿಸಿ ಹೇಳಿದೆ. ಅತ್ತೆ ಬಗ್ಗಿ ನೋಡಿದರು. ಅಲ್ಲಿಯೂ ಮಂಜೇ. "ಎಲ್ಲಿಗೆ ಬೀಳುತ್ತೇವೆಂದು ಕಾಣದಿದ್ದರೆ ಅಷ್ಟು ಭಯವಾಗಲಿಕ್ಕಿಲ್ಲ, ಪಾಪ" ಎಂದರು.

ಇಳಿಯುವಾಗ ನಾಲ್ಕನೆಯ ತಿರುವಿನಲ್ಲಿ ವಾಹನಗಳು ನಿಂತುಬಿಟ್ಟವು. ಮುಂದೆ ಯಾವುದೋ ಕಾರು ಕೆಟ್ಟಿತ್ತಂತೆ. ಅರ್ಧ ಗಂಟೆ ನಿಂತಲ್ಲೇ ನಿಂತೆವು. ಅಷ್ಟರಲ್ಲಿ ಯಾರೋ ಕಂಬಳಿ ಎಳೆದಂತೆ ಮಂಜು ಸರಿದು, ಕೆಳಗೆ ದ್ರಾಕ್ಷಿ ಚಪ್ಪರಗಳು, ಕೆರೆಯ ತುಂಡುಗಳು, ಕೆಂಪು ಮಣ್ಣಿನ ದಾರಿಗಳು ಒಂದೊಂದಾಗಿ ಎದ್ದು ಬಂದವು. ಪೂರ್ವದಲ್ಲಿ ಸೂರ್ಯ ಮೂರಾಳು ಎತ್ತರಕ್ಕೆ ಬಂದು ಧಗಧಗಿಸುತ್ತಿದ್ದ. ಬೆಳಕು ನೇರವಾಗಿ ಕಾರಿನೊಳಗೆ ನುಗ್ಗಿತು.

"ಅತ್ತೆ, ಸೂರ್ಯ!" ಎಂದು ಮಗಳು ಕೂಗಿದಳು.

ಅತ್ತೆ ಮಂಕಿ ಕ್ಯಾಪನ್ನು ಹುಬ್ಬಿನವರೆಗೆ ಎಳೆದುಕೊಂಡು, ಸೆರಗನ್ನು ಮುಖಕ್ಕೆ ಅಡ್ಡ ಹಿಡಿದರು. "ಕಣ್ಣಿಗೇ ಹೊಡೆಯುತ್ತಿದೆ. ಆ ಕಿಟಕಿಗೆ ಒಂದು ಟವೆಲ್ಲಾದರೂ ಸಿಕ್ಕಿಸೋ, ಸ್ವಲ್ಪ ನಿದ್ದೆ ಮಾಡುತ್ತೇನೆ" ಎಂದರು.