ಕರ್ವಾಲೋ ಬಗ್ಗೆ ಒಂದು ಸ್ಪಷ್ಟನೆ

‘ಪಶ್ಚಿಮ ಘಟ್ಟದ ಹಾರುವ ಓತಿಯನ್ನು ಮೊದಲು ಪತ್ತೆ ಹಚ್ಚಿದ್ದು ವಿಜ್ಞಾನಿ ಕರ್ವಾಲೋ, ತೇಜಸ್ವಿಯವರ ಪುಸ್ತಕ ಅದರ ವರದಿ’ ಎಂಬ ವಾಟ್ಸಾಪ್ ಸಂದೇಶವನ್ನು ಮೊನ್ನೆ ನಾನೂ ಎರಡು ಗುಂಪುಗಳಿಗೆ ಕಳಿಸಿದ್ದೆ. ಅದು ತಪ್ಪು.

‘ಕರ್ವಾಲೋ’ 1980ರಲ್ಲಿ ಬಂದ ಕಾದಂಬರಿ. ಕರ್ವಾಲೋ ಅದರೊಳಗಿನ ಪಾತ್ರ. ಓತಿ ಮಾತ್ರ ನಿಜ. ಡ್ರೇಕೋ ಡುಸುಮಿಯೆರಿ ಎಂಬ ಹೆಸರಿನಲ್ಲಿ ಫ್ರೆಂಚ್ ವಿಜ್ಞಾನಿಗಳು ಅದನ್ನು 1837ರಲ್ಲೇ ದಾಖಲಿಸಿದ್ದಾರೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಇಂದಿಗೂ ಅದು ಮರದಿಂದ ಮರಕ್ಕೆ ತೇಲುತ್ತದೆ. ಪಕ್ಕೆಲುಬುಗಳ ಮೇಲೆ ಹರಡಿಕೊಳ್ಳುವ ಚರ್ಮವೇ ಅದರ ರೆಕ್ಕೆ.

ಮೋಸಹೋಗುವುದು ಸುಲಭ, ಒಪ್ಪುತ್ತೇನೆ. ಕತೆ ಹೇಳುವವನು ‘ನಾನು’, ಅವನೂ ತೇಜಸ್ವಿಯವರಂತೆ ಕೃಷಿಕ. ಜೇನಿನ ವ್ಯವಹಾರ, ಮಂದಣ್ಣನ ಮದುವೆಯ ಫಜೀತಿ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇಷ್ಟನ್ನೂ ಆಡುಮಾತಿನಲ್ಲಿ ನಗಿಸುತ್ತ ಹೇಳಿದರೆ ಅನುಮಾನಕ್ಕೆ ಎಡೆಯೆಲ್ಲಿ? ನಕ್ಕು ಮುಗಿಯುವಷ್ಟರಲ್ಲಿ ನಂಬಿರುತ್ತೇವೆ. ಕಾದಂಬರಿಯ ಕೊನೆಯಲ್ಲಿ ಬರುವ ಓತಿಯ ಆ ಹಾರಾಟವನ್ನು ನಾನಂತೂ ಕಣ್ಣಾರೆ ಕಂಡವನಂತೆ ಎಷ್ಟೋ ಸಲ ವರ್ಣಿಸಿದ್ದೇನೆ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಆಗಲೇ ಕಳಿಸಿದ್ದರೆ ಈ ಸ್ಪಷ್ಟನೆಯನ್ನೂ ಅಲ್ಲೇ ಹಾಕಿಬಿಡಿ.